ಗುಳಿಗಿ ಶುರುವಾದ್ಮ್ಯಾಲೆ ಅಪ್ಪನ ಸ್ವಭಾವಾನ ಬದಲಾತು, ನಿಮ್ಮ ಮನ್ಯಾಗೂ ಹಿಂಗ ಆಗೇತೇನ್ರಿ?

ಕಾಲುವಿ ದಂಡಿ (ಗಂಗಾವತಿ)

ಎಲ್ಲಾರಿಗೂ ನಮಸ್ಕಾರ್ರಿ. ಇದನ್ನ ಬರೀಬೇಕೋ ಬ್ಯಾಡೋ ಅಂತ ಒಂದು ತಿಂಗಳಿಂದ ವಿಚಾರ ಮಾಡಾಕತ್ತಿದ್ದೆ. ಮನಿ ವಿಷಯ ಹೊರಗ ಹಾಕೋದು ಬ್ಯಾಡ ಅಂತ ಅವ್ವ ಅಂತಿದ್ಲು, ಈಗ ಆಕೀನ ಬರಿ ಅಂದಾಳ.

ನಮ್ಮಪ್ಪಗ 61 ವರ್ಷ. ಮಾತು ಭಾಳ ಕಡಿಮಿ, ನಾಕು ಮಂದಿ ಕುಂತಲ್ಲಿ ಒಂದು ಮಾತಾಡಿದ್ರ ಹೆಚ್ಚು. ಬ್ಯಾಸಿಗಿ ಭತ್ತದ ಕಟಾವ್ ಟೈಮಿನ್ಯಾಗ ಮಷಿನ್ ಹಿಂದ ನಿಂತು ಧೂಳು ಕುಡದು ದಮ್ಮು ಜೋರಾತು, ಪ್ರೈವೇಟ್ ದವಾಖಾನಿಗೆ ಹೋದ್ವಿ. ಮೂಗಿಗೆ ಔಷಧದ ಹೊಗಿ ಹಿಡದ್ರು, ಪ್ರೆಡ್ನಿಸೊಲೋನ್ ಅನ್ನೋ ಸ್ಟೀರಾಯ್ಡ್ ಗುಳಿಗಿ ದಿನಕ್ಕ 40 ಮಿಲಿಗ್ರಾಂ, 7 ದಿನ ಅಂತ ಚೀಟಿ ಬರದ್ರು. ಮೂರನೇ ದಿನಕ್ಕ ಉಸಿರು ಸರಿ ಆತು, ಹಸಿವಿ ಬಂತು, ಎರಡು ರೊಟ್ಟಿ ತಿನ್ನೋನು ನಾಕು ತಿನ್ನಾಕತ್ತಿದ. ನಾವು ಖುಷಿಯಾದ್ವಿ. 7 ದಿನ ಮುಗದ್ಮ್ಯಾಲೆ ಅಪ್ಪ ತಾನ ಅದೇ ಚೀಟಿ ಹಿಡ್ಕೊಂಡು ಮೆಡಿಕಲ್ ಶಾಪಿಗೆ ಹೋಗಿ ಮತ್ತ ತಂದ, ಮತ್ತ ತಂದ, ಹಂಗ ಆರು ವಾರದ ಹತ್ತಿರ ನುಂಗಿದ. ಇದು ಅಷ್ಟು ದಿನ ತಗೊಳೋದಲ್ಲ ಅಂತ ದವಾಖಾನ್ಯಾಗೂ ಹೇಳ್ಲಿಲ್ಲ ಅಂಗಡ್ಯಾಗೂ ಹೇಳ್ಲಿಲ್ಲ. ಇದರಿಂದ ನಿದ್ದಿ, ಸಿಟ್ಟು, ಮನಸ್ಸು ಹೆಚ್ಚುಕಮ್ಮಿ ಆಗಬಹುದು ಅಂತ ಒಂದೇ ಒಂದು ಮಾತು ಯಾರಾದ್ರೂ ಹೇಳಿದ್ರ ನಾವು ಅಷ್ಟು ದಿನ ಅಪ್ಪನ್ನ ಬೈತಿರ್ಲಿಲ್ಲ, ಅದೊಂದು ನನಗ ಇವತ್ತಿಗೂ ಕುಟುಕತೈತಿ.

ಏನಾತು ಅಂದ್ರ, ಮೊದಲು ನಿದ್ದಿ ಹೋತು. ರಾತ್ರಿ ಎರಡಕ್ಕ ಎದ್ದು ಅಂಗಳ ಕಸ ಹೊಡಿಯೋದು, ಮೂರಕ್ಕ ಅವ್ವನ್ನ ಎಬ್ಬಿಸಿ ಚಾ ಮಾಡು ಅನ್ನೋದು. ಆಮ್ಯಾಲೆ ಮಾತು ಶುರುವಾತು, ನಿಲ್ಲಂಗಿಲ್ಲ. ಮಾತಾಡದ ಮನುಷ್ಯ ಫೋನ್ ಹಚ್ಚಿ ಬೀಗರಿಗೆಲ್ಲಾ ಟ್ರ್ಯಾಕ್ಟರ್ ತಗೊಂತೀನಿ ಅಂತ ಹೇಳಿ, ಯಾರನ್ನೂ ಕೇಳದ 50,000 ಮುಂಗಡ ಕೊಟ್ಟು ಬಂದ. ಆಮ್ಯಾಲೆ ಸಿಟ್ಟು. ಸಾರಿಗೆ ಉಪ್ಪು ಕಮ್ಮಿ ಅಂತ ತಾಟು ಒಗದ, ನನ್ನ ಜೀವಮಾನದಾಗ ನೋಡಿರ್ಲಿಲ್ಲರಿ. ಬಾಜು ಹೊಲದವ್ರು ನಮ್ಮ ಬದು ಕಡ್ಯಾಕತ್ತ್ಯಾರ ಅಂತ ರಾತ್ರಿ ಬ್ಯಾಟ್ರಿ ಹಿಡ್ಕೊಂಡು ಹೋಗಿ ಕಾಯ್ಕೊಂತ ಕುಂಡ್ರೋದು. ಆ ಮನುಷ್ಯ ಮೂವತ್ತು ವರ್ಷದ ಗೆಳ್ಯಾ.

ಊರಾಗ ಗಾಳಿ ಅಂದ್ರು, ಸೋಂಕು ಅಂದ್ರು, ನಿಂಬಿಹಣ್ಣು ಇಳಿಸಿದ್ರು. ಕುಡ್ಯಾಕ ಕಲ್ತಾನ ಅಂತಾನೂ ಅಂದ್ರು. ಕಡೀಗೆ ಕಾಕಾ ಬಂದು ಈ ಇಂಗ್ಲಿಷ್ ಔಷಧಾನ ಬ್ಯಾಡ ಅಂತ ಪಟ್ಟಿಗೊಳನ್ನೆಲ್ಲಾ ಒಲಿಗೆ ಹಾಕಿಬಿಟ್ಟ. ಅದು ಇನ್ನೂ ದೊಡ್ಡ ತಪ್ಪಾತು. ಮೂರನೇ ದಿನಕ್ಕ ಅಪ್ಪ ಎದ್ದು ನಿಲ್ಲಾಕ ಆಗವಲ್ದು, ವಾಂತಿ, ಬಿಪಿ ಇಳದು ಕಣ್ಣು ಮ್ಯಾಲೆ ಮಾಡಿದ. ದೊಡ್ಡ ದವಾಖಾನಿಗೆ ಓಡಿದ್ವಿ.

ಅಲ್ಲಿ ರಾತ್ರಿ ಡ್ಯೂಟಿ ಮ್ಯಾಲಿದ್ದ ಡಾಕ್ಟರಮ್ಮ ಮೊದಲು ಕೇಳಿದ್ದು, ಎರಡು ತಿಂಗಳಿಂದ ಏನೇನು ಗುಳಿಗಿ ತಗೊಂಡಾರ, ಎಂದು ಶುರು, ಎಂದು ಬಂದ್. ನಮಗ ಒಬ್ಬರಿಗೂ ತಾರೀಖು ಗೊತ್ತಿಲ್ಲ. ಅವ್ವ ಫೋನ್ ಮಾಡಿ ಮನ್ಯಾಗಿನ ಕ್ಯಾಲೆಂಡರ್ ತರಿಸಿದ್ಲು, ಹಾಲಿನ ಲೆಕ್ಕ ಬರಿಯೋದು. ಒಂದು ತಾರೀಖಿನ ಚೌಕದಾಗ ಪೆನ್ಸಿಲ್‌ಲೆ "ಗುಳಿಗಿ" ಅಂತ ಬರದಿತ್ತು. ಅಲ್ಲಿತನಕ ದಿನಾ ಒಂದು ಗೀಟು, ಒಂದು ಲೀಟರ್. ಐದು ದಿನ ಬಿಟ್ಟು ನೋಡಿದ್ರ ಗೀಟಿನ ಬಾಜುಕ ಅರ್ಧ ಗೀಟು ಶುರು, ದಿನಾ ಒಂದೂವರಿ ಲೀಟರ್. ರಾತ್ರಿ ಮೂರರ ಚಾದ ಹಾಲ್ರೀ ಅದು. ಡಾಕ್ಟರಮ್ಮ ಆ ಅರ್ಧ ಗೀಟಿನ ಮ್ಯಾಲೆ ಬೆರಳು ಇಟ್ಟು ಸುಮ್ಮನ ನಿಂತ್ರು ಒಂದು ನಿಮಿಷ. ಇದು ನಿಮ್ಮಪ್ಪನ ಗುಣ ಅಲ್ಲಮ್ಮ, ಗುಳಿಗಿದು ಅಂದ್ರು.

ಮತ್ತ ಅದೇ ಔಷಧ ಕೊಟ್ಟು ವಾರ ವಾರ ಇಳಿಸ್ಕೊಂತ ಬಂದು ಬಿಡಿಸಿದ್ರು. ಈಗ ಅಪ್ಪ ಮೊದಲಿನಂಗ ಆಗ್ಯಾನ. ನಾ ಕೇಳೋದು ಇಷ್ಟ: ಬ್ಯಾರೆ ಗುಳಿಗಿಗೊಳೂ ಹಿಂಗ ಮಾಡ್ತಾವೇನು? ಯಾರ ಮನ್ಯಾಗರ ಆಗಿದ್ರ ಬರೀರಿ.

ಸಿಂಧನೂರು ಅಣ್ಣ

ತಂಗೀ ಓದಿ ಭಾಳ ಕೆಟ್ಟ ಅನಿಸ್ತು. ನಮ್ಮ ಮನಿಯಾಕಿದು ಉಲ್ಟಾ ಕಥಿ. ಅರ್ಧತಲಿ ಶೂಲಿಗೆ ಫ್ಲುನಾರಿಜಿನ್ ಅಂತ ಗುಳಿಗಿ ರಾತ್ರಿಗೆ ಕೊಟ್ಟಿದ್ರು, ತಲಿನೋವು ನಿಂತ್ತು ಖರೆ. ಆದ್ರ ಎರಡು ತಿಂಗಳಿಗೆ ಆಕಿ ಸುಮ್ಮನಾಗಿಬಿಟ್ಲು. ಅಡಗಿ ಮಾಡ್ತಾಳ, ಮಕ್ಕಳಿಗೆ ಡಬ್ಬಿ ಕಟ್ತಾಳ, ಆದ್ರ ನಗು ಇಲ್ಲ ಸಿಟ್ಟೂ ಇಲ್ಲ, ತೌರುಮನಿ ಜಾತ್ರಿಗೆ ಹೋಗೋಣು ಅಂದ್ರ ಬ್ಯಾಡ ಅಂದ್ಲು, ಅವತ್ತು ನಂಗ ಹೊಡೀತು ಏನೋ ಆಗ್ಯದ ಅಂತ. ತೂಕಾನೂ ಏರಿತ್ತು. ಡಾಕ್ಟರಿಗೆ ಹೇಳಿದ ಕೂಡ್ಲೆ ಅವರು ಹೌದು ಇದರಾಗ ಮನಸ್ಸು ಕುಗ್ಗೋದು ಅದ, ಮೊದಲ ಯಾರಿಗರ ಖಿನ್ನತಿ ಇತ್ತಾ ಅಂತ ಕೇಳಿದ್ರು. ಆಕಿಗೆ ಬಾಣಂತನದಾಗ ಹಂಗ ಆಗಿತ್ತು, ಯಾರೂ ಕೇಳಿರ್ಲಿಲ್ಲ, ನಾವೂ ಹೇಳಿರ್ಲಿಲ್ಲ. ಬ್ಯಾರೆ ಗುಳಿಗಿ ಕೊಟ್ರು, ಈಗ ಆರಾಮ ಅದಾಳ.

ಬಳ್ಳಾರಿ ಅಮ್ಮ

ಅಯ್ಯೋ ಇದನ್ನ ಓದ್ತಾ ಕೈ ನಡುಗ್ತು ನಂಗೆ. ನನ್ನ ಮಗನಿಗೆ ಆರು ವರ್ಷ, ನಮ್ಮನೆ ಲಾರಿ ಓಡಾಡೋ ರೋಡ್ ಪಕ್ಕ, ಕೆಂಪು ಧೂಳು ಕಿಟಕಿ ಮೇಲೆ ದಿನಾ ಕೂರುತ್ತೆ, ಮೂಗು ಸೋರೋದು ರಾತ್ರಿ ಕೆಮ್ಮು ಇದ್ದೇ ಇರ್ತಿತ್ತು. ಮಾಂಟೆಲುಕಾಸ್ಟ್ ಅಂತ ಚೀಪೋ ಗುಳಿಗೆ ಸಂಜೆಗೊಂದು ಕೊಟ್ಟಿದ್ರು. ಹತ್ತು ದಿನ ಆಗಿತ್ತು ಅನ್ಸುತ್ತೆ, ರಾತ್ರಿ ಎದ್ದು ಕೂತು ಸೊಳ್ಳೆ ಪರದೆ ಎರಡೂ ಕೈಲಿ ಹಿಡಿದು ಎಳೀತಾನೆ, ಕಣ್ಣು ತೆರೆದಿರುತ್ತೆ, ಅಮ್ಮಾ ಅಂತಾನೆ, ನಾನು ಮುಂದೇನೇ ಇದ್ರೂ ನನ್ನ ಗುರ್ತಿಲ್ಲ. ಹಗಲಲ್ಲಿ ತಂಗಿನ ಕಚ್ಚಿದ. ಟೀಚರ್ ಕರೆಸಿ ಮನೇಲಿ ಏನಾದ್ರೂ ಜಗಳ ಇದೆಯಾ ಅಂತ ಕೇಳಿದ್ರು, ಆ ಅವಮಾನ ಬೇರೆ. ಅತ್ತೆ ತಾಯಿತ ಕಟ್ಟಿಸಿದ್ರು, ನಾನು ಮೊಬೈಲ್ ಕಿತ್ಕೊಂಡು ಹೊಡೆದೆ ಅವನಿಗೆ, ಮೊಬೈಲಿಂದಾನೇ ಹಿಂಗೆ ಅನ್ಕೊಂಡು. ಹೊಡೆದಿದ್ದು ಮಾತ್ರ ಮರೆಯೋಕಾಗಲ್ಲ.

ಮಕ್ಕಳ ಡಾಕ್ಟರ್ ಬೇರೆಯವ್ರ ಹತ್ರ ಹೋದಾಗ ಅವ್ರೇ ಹೇಳಿದ್ದು, ಈ ಔಷಧಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರ ಮಾರ್ಚಲ್ಲೇ ಚೌಕಟ್ಟು ಹಾಕಿ ದೊಡ್ಡ ಎಚ್ಚರಿಕೆ ಕೊಟ್ಟೈತೆ ಅಂತೆ, ಕೆಟ್ಟ ಕನಸು, ಸಿಟ್ಟು, ಖಿನ್ನತೆ, ಸಾಯೋ ಯೋಚನೆ ಬರಬಹುದು ಅಂತ, ಬರೀ ಮೂಗು ಸೋರೋದಕ್ಕೆ ಬೇರೆ ಔಷಧಿ ಕೆಲಸ ಮಾಡೋದಾದ್ರೆ ಅದನ್ನೇ ಕೊಡಿ ಅಂತ. ಗುಳಿಗೆ ನಿಲ್ಸಿ ಇನ್ಹೇಲರ್ ಮಾತ್ರ ಇಟ್ರು. ಒಂದೆರಡು ವಾರಕ್ಕೆ ಮಗು ರಾತ್ರಿ ಪೂರ್ತಿ ಮಲಗ್ತು. ಎಷ್ಟೋ ಮಕ್ಕಳಿಗೆ ಇದರಿಂದ ಏನೂ ಆಗಲ್ಲ ಅಂತಾನೂ ಹೇಳಿದ್ರು, ನಮ್ಮಕ್ಕನ ಮಗಳು ಎರಡು ವರ್ಷ ತಗೊಂಡ್ಲು ಏನೂ ಆಗ್ಲಿಲ್ಲ ನಿಜ. ಆದ್ರೆ ಶುರು ಮಾಡೋವಾಗ ತಾಯಿಗೆ ಒಂದು ಮಾತು ಹೇಳಬೇಕಲ್ವಾ?

ಶಕ್ತಿನಗರ ರೋಡ್ (ರಾಯಚೂರು)

ನಾ ಒಂದು ಮಾತು ಖಡಕ್ ಹೇಳ್ತೀನಿ, ತಪ್ಪು ತಿಳ್ಕೋಬ್ಯಾಡ್ರಿ. ಹಿಂಗ ಬರದ್ರ ಜನ ಅಂಜಿ ಗುಳಿಗಿ ಬಿಡ್ತಾರ. ನಮ್ಮ ದೊಡ್ಡಪ್ಪನ ಮಗ ಟಿಬಿ ಗುಳಿಗಿ ಮೂರನೇ ತಿಂಗಳಿಗೆ ಬಿಟ್ಟ, ಯಾರೋ ಇದರಿಂದ ತಲಿ ಕೆಡ್ತದ ಅಂದಿದ್ರು. ತಿರುಗಿ ಬಂದ ಟಿಬಿ ಮೊದಲಿನ ಗುಳಿಗಿಗೆ ಬಗ್ಗಲಿಲ್ಲ. ಅವನ್ನ ಮಣ್ಣು ಮಾಡಿ ಬಂದೀವಿ ನಾವು. ನಮ್ಮಪ್ಪಗ ದಮ್ಮಿನಾಗ ಜೀವ ಉಳಿಸಿದ್ದು ಇದೇ ಸ್ಟೀರಾಯ್ಡ್. ಅದಕ್ಕ ಔಷಧದ ಮ್ಯಾಲೆ ಗೂಬಿ ಕೂಡ್ಸೋದು ಬ್ಯಾಡ.

ಕಾಲುವಿ ದಂಡಿ (ಗಂಗಾವತಿ)

ಅಣ್ಣಾ ನೀವು ಅಂದಿದ್ದು ನೂರಕ್ಕ ನೂರು ಖರೆ. ನಮ್ಮಪ್ಪನ್ನ ಸಾಯೋ ಹಂತಕ್ಕ ತಂದದ್ದು ಗುಳಿಗಿ ನುಂಗಿದ್ದಲ್ಲ, ಒಮ್ಮಿಗ್ಲೇ ಬಿಡಿಸಿದ್ದು. ಡಾಕ್ಟರಮ್ಮ ಹೇಳಿದ್ರು, ಮೂರು ವಾರಕ್ಕಿಂತ ಹೆಚ್ಚು ತಗೊಂಡ್ರ ಮೈ ತಾನಾಗಿ ಮಾಡ್ಕೊಳೋ ಅದೇ ತರದ ರಸ ಮಾಡೋದನ್ನ ನಿಲ್ಲಿಸಿಬಿಡ್ತೈತಿ, ಕಿಡ್ನಿ ಮ್ಯಾಲಿನ ಗ್ರಂಥಿ ಮಲಗಿರ್ತೈತಿ, ಅದನ್ನ ಮೆಲ್ಲಕ ಎಬ್ಬಿಸಬೇಕು ಅಂತ. ಬಿಡ್ರಿ ಅಂತ ನಾ ಯಾರಿಗೂ ಹೇಳಂಗಿಲ್ಲ. ಬದಲಾವಣಿ ಕಂಡ್ರ ಆ ಮನುಷ್ಯನ್ನ ಬೈಯೋಕಿಂತ ಮೊದಲ ಗುಳಿಗಿ ಎಂದು ಶುರು ಆತು ಅಂತ ತಾರೀಖು ನೋಡ್ರಿ, ಡಾಕ್ಟರಿಗೆ ಹೋಗಿ ಹೇಳ್ರಿ ಅಂತೀನಿ. ನಿಮ್ಮ ತಮ್ಮನ ಸುದ್ದಿ ಓದಿ ಸಂಕಟ ಆತು.

ಮೆಡಿಕಲ್ ಶಾಪ್ ರಾಯಚೂರು

ನಾನು 14 ವರ್ಷದಿಂದ ಕೌಂಟರ್ ಹಿಂದ ನಿಂತಾಂವ. ಮ್ಯಾಲಿನ ಅಕ್ಕಾರು ಬರದಿದ್ದು ಓದಿ ನಂಗ ನನ್ನ ಅಂಗಡಿನ ಕಣ್ಮುಂದ ಬಂತು. ಹಳೀ ಚೀಟಿ ತರ್ತಾರ, ಮಡಿಚಿ ಮಡಿಚಿ ಅಕ್ಷರ ಕಾಣಂಗಿಲ್ಲ, ಆರಾಮ ಆಗ್ಯದ ಅದನ್ನ ಕೊಡ್ರಿ ಅಂತಾರ, ನಾವು ಕೊಡ್ತೀವಿ. ಕೊಡಬಾರದು. ಪ್ರೆಡ್ನಿಸೊಲೋನ್ ಶೆಡ್ಯೂಲ್ ಎಚ್ ಔಷಧ, ಡಾಕ್ಟರ್ ಬರದಷ್ಟ ಕೊಡಬೇಕು ಅಂತ ಕಾಯ್ದಿ ಅದ. ನಾನೂ ಕೊಟ್ಟೀನಿ ಹಿಂದ, ಈಗ ಬಿಟ್ಟೀನಿ.

ಇನ್ನೊಂದು, ಪಟ್ಟಿ ಕತ್ತರಿಸಿ ನಾಕು ಗುಳಿಗಿ ಕೊಡ್ತೀವಲ್ಲ, ಕತ್ತರಿಸಿದ್ರಾಗ ಹೆಸರು ಒಂದು ತುಂಡಿಗೆ, ತಾರೀಖು ಇನ್ನೊಂದು ತುಂಡಿಗೆ ಹೋಗ್ತದ. ಒಳಗಿನ ಸಣ್ಣ ಅಕ್ಷರದ ಕಾಗದ ಡಬ್ಬಿ ಜೊತಿ ನಮ್ಮ ಹತ್ರಾನ ಉಳೀತದ. ಮನಿಗೆ ಹೋದಾಂವಗ ಬಿಳಿ ಗುಳಿಗಿ, ಹಳದಿ ಗುಳಿಗಿ ಅಷ್ಟ ಗೊತ್ತು. ಅದಕ್ಕ ಕೇಳ್ರಿ ನಮ್ಮನ್ನ, ಹೆಸರಿರೋ ತುಂಡು ಕೊಡ್ರಿ ಅಂತ, ಬಿಲ್ ಕೊಡ್ರಿ ಅಂತ. ಬಿಲ್ಲಿನ್ಯಾಗ ಹೆಸರು ತಾರೀಖು ಎರಡೂ ಇರ್ತಾವ.

ಮತ್ತ ಮೊಳಕಾಲು ನೋವಿಗೆ ಸಂತ್ಯಾಗ ಪುಡಿ ಮಾರ್ತಾರ, ಎರಡು ದಿನಕ್ಕ ನೋವು ಮಾಯ. ಅಂಥ ಪುಡಿಗೊಳ್ಯಾಗ ಎಷ್ಟೋ ಸಲ ಸ್ಟೀರಾಯ್ಡ್ ಕಲಸಿರ್ತಾರ. ಮುಖ ಊದಿಕೊಂಡು ನಿದ್ದಿ ಇಲ್ಲದ ಬಡಬಡ ಮಾತಾಡೋ ಮುದುಕರನ್ನ ನೋಡಿದ್ರ ನಾ ಮೊದಲು ಪುಡಿ ಕೇಳ್ತೀನಿ.

ಕಂಪ್ಲಿ ಹುಡುಗ

ನನ್ನ ತಮ್ಮಗೆ ಫಿಟ್ಸ್. ಲೆವೆಟಿರಾಸಿಟಾಮ್ ಶುರು ಮಾಡಿದ ಮೇಲೆ ಫಿಟ್ಸ್ ಒಂದೂ ಬಂದಿಲ್ಲ, ಆದ್ರೆ ಅವನು ಮೊದಲಿನ ಹುಡುಗ ಅಲ್ಲ. ಜೀನ್ಸ್ ಹೊಲಿಯೋ ಕಡೆ ಕೆಲಸ ಮಾಡ್ತಿದ್ದ, ಒಂದು ಮಾತಿಗೆ ಕತ್ತರಿ ಎತ್ತಿದ ಅಂತ ಕೆಲಸದಿಂದ ತೆಗೆದ್ರು. ಆಮೇಲೆ ಅಳ್ತಾನೆ, ಯಾಕಣ್ಣ ಹಿಂಗಾಗುತ್ತೆ ನಂಗೆ ಅಂತ. ನರರೋಗದ ಡಾಕ್ಟ್ರಿಗೆ ಹೇಳಿದ್ವಿ, ಈ ಗುಳಿಗೇಲಿ ಸಿಟ್ಟು ಕಿರಿಕಿರಿ ಬರೋದು ಗೊತ್ತಿರೋ ವಿಷಯಾನೇ ಅಂದ್ರು, ಒಂದನ್ನ ಇಳಿಸ್ತಾ ಇನ್ನೊಂದನ್ನ ಏರಿಸ್ತಾ ಒಂದೂವರೆ ತಿಂಗಳಲ್ಲಿ ಬದಲಾಯ್ಸಿದ್ರು. ಫಿಟ್ಸ್ ಗುಳಿಗೆ ಸಡನ್ನಾಗಿ ಬಿಟ್ರೆ ನಿಲ್ಲದೇ ಇರೋ ಫಿಟ್ಸ್ ಬಂದು ಜೀವಕ್ಕೇ ಅಪಾಯ, ಅದನ್ನ ಯಾರೂ ಮಾಡಬೇಡಿ. ಹಳೇ ಕಡೆ ಹೋಗಿ ಡಾಕ್ಟರ್ ಬರೆದ ಕಾಗದ ತೋರಿಸಿದ್ವಿ, ಕೆಲಸಕ್ಕೆ ವಾಪಸ್ ತಗೊಂಡಿಲ್ಲ ಇನ್ನೂ.

ಕುಷ್ಟಗಿ ಮಾಸ್ತರ

ಮನಸ್ಸಿನ ಗುಳಿಗಿ ಅಲ್ಲದ ಗುಳಿಗಿನೂ ಹಿಂಗ ಮಾಡ್ತಾವು ಅಂತ ನನಗ ಸಕ್ರಿ ಗುಳಿಗಿಯಿಂದ ಗೊತ್ತಾತು. ನಾನು ಗ್ಲಿಮೆಪಿರೈಡ್ ತಗೊಂತೀನಿ. ಮುಂಜಾನೆ ನುಂಗಿ ಶಾಲಿಗೆ ಹೋಗೋದು, ಒಂದೊಂದು ದಿನ ನಾಷ್ಟಾ ಬಿಡೋದು. ಹನ್ನೊಂದೂವರಿ ಹೊತ್ತಿಗೆ ಹುಡುಗ್ರ ಮ್ಯಾಲೆ ಎಲ್ಲಿಲ್ಲದ ಸಿಟ್ಟು, ಬೆವರು, ಕೈ ನಡುಕ. ಒಂದು ದಿನ ಬೋರ್ಡಿನ ಮ್ಯಾಲೆ ಬರೀಬೇಕಾದ ಲೆಕ್ಕಾನ ಮರೆತೆ. ಜೊತಿಗಿನ ಮೇಡಮ್ಮಾರು ಅವರ ಮಷಿನ್ನಿನ್ಯಾಗ ಚೆಕ್ ಮಾಡಿದ್ರ ಶುಗರ್ 52ಕ್ಕ ಇಳದಿತ್ತು. ಎರಡು ಚಮಚ ಸಕ್ರಿ ನೀರಾಗ ಹಾಕಿ ಕುಡಿಸಿದ್ರು, ಹದಿನೈದು ನಿಮಿಷಕ್ಕ ನಾನು ಮತ್ತ ನಾನಾದೆ. ಅಷ್ಟು ದಿನ ಹುಡುಗ್ರು ನನ್ನ ಸಿಟ್ಟಿನ ಮಾಸ್ತರ ಅಂತಾನ ತಿಳ್ಕೊಂಡಿದ್ರು.

ಟಿಬಿ ಕೆಲಸದಾಕಿ (ಕೊಪ್ಪಳ)

ಶಕ್ತಿನಗರದ ಅಣ್ಣಾರ ಮಾತಿಗೆ ನಾ ಉತ್ತರ ಕೊಡಲೇಬೇಕು, ಮನಿ ಮನಿಗೆ ಟಿಬಿ ಗುಳಿಗಿ ಮುಟ್ಟಿಸೋದು ನನ್ನ ಕೆಲಸ. ಮೊದಲನೇ ಸಲದ ಆರು ತಿಂಗಳ ಗುಳಿಗ್ಯಾಗ ಐಸೋನಿಯಾಜಿಡ್ ಅಂತ ಇರ್ತೈತಿ, ಅಪರೂಪಕ್ಕ ಯಾರಿಗೋ ಒಬ್ಬರಿಗೆ ಗೊಂದಲ, ಭ್ರಮಿ ಆಗೋದುಂಟು, ಕೈಕಾಲು ಜುಮ್ ಅನ್ನೋದಕ್ಕ ಬಿ6 ವಿಟಮಿನ್ ಜೊತಿಗೆ ಕೊಡ್ತಾರ. ಔಷಧಕ್ಕ ಬಗ್ಗದ ಟಿಬಿಗೆ ಕೊಡೋ ಸೈಕ್ಲೋಸೆರಿನ್ ಮಾತ್ರ ಹುಷಾರಾಗಿ ನೋಡಬೇಕಾದ್ದು, ಅದರಾಗ ಖಿನ್ನತಿ, ಸಾಯೋ ವಿಚಾರ ಬರೋದು ಗೊತ್ತಿರೋದ. ಅದಕ್ಕ ನಾ ಹೋದಾಗೆಲ್ಲಾ ಬರೀ ಗುಳಿಗಿ ಎಣಿಸಂಗಿಲ್ಲ, ನಿದ್ದಿ ಬಂತಾ, ಉಂಡೀರಾ, ಮನಸ್ಸಿಗೆ ಹ್ಯಾಂಗ ಐತಿ ಅಂತ ಕೇಳ್ತೀನಿ. ಕೇಳಿದ್ರಿಂದ ಯಾರೂ ಗುಳಿಗಿ ಬಿಟ್ಟಿಲ್ಲ ಅಣ್ಣಾ. ಕೇಳದ ಮನ್ಯಾಗ ಬಿಟ್ಟಾರ. ಒಳಗ ಏನೋ ಆಗಾಕತ್ತಿರ್ತೈತಿ, ಹೇಳ್ಕೊಳಾಕ ಯಾರಿಲ್ಲ, ಆಮ್ಯಾಲೆ ಸುಮ್ಮನ ತಿಪ್ಪಿಗೆ ಒಗೀತಾರ.

ಟ್ರೈನಿಂಗಿನ್ಯಾಗ ಒಂದು ಕಥಿ ಹೇಳಿದ್ರು, ನನಗ ಭಾಳ ಹಿಡಿಸ್ತು. 1952ರಾಗ ನ್ಯೂಯಾರ್ಕ್‌ನ ಸೀ ವ್ಯೂ ಅನ್ನೋ ಟಿಬಿ ದವಾಖಾನ್ಯಾಗ ಇಪ್ರೋನಿಯಾಜಿಡ್ ಅಂತ ಹೊಸ ಟಿಬಿ ಔಷಧ ಕೊಟ್ಟಾಗ ಹಾಸಿಗಿ ಹಿಡದ ಮಂದಿ ಎದ್ದು ನಗಾಕತ್ತಿದ್ರಂತ, ವಾರ್ಡಿನ್ಯಾಗ ಕುಣದ್ರಂತ. ಎದಿ ಔಷಧ ಮನಸ್ಸಿಗೆ ಮುಟ್ಟಿತ್ತು. 1957ರ ಸುಮಾರಿಗೆ ಅದನ್ನ ಖಿನ್ನತಿಗೇ ಕೊಡಾಕ ಶುರು ಮಾಡಿದ್ರು, ಮುಂದ ಲಿವರಿಗೆ ಹೊಡ್ತ ಅಂತ ಬಿಟ್ರು.

ಶಕ್ತಿನಗರ ರೋಡ್ (ರಾಯಚೂರು)

ಅಕ್ಕಾ, ನಮ್ಮ ತಮ್ಮನ ಮನಿಗೆ ನಿಮ್ಮಂಥಾಕಿ ಒಬ್ಬಾಕಿ ಬಂದು ಹಂಗ ಕೇಳಿದ್ರ ಅಂತ ಈಗ ಅನಿಸ್ಲಿಕ್ಕತ್ತದ. ಅವನೂ ಕಡೀ ಕಡೀಗೆ ನಿದ್ದಿ ಬರವಲ್ದು ಅಂತಿದ್ದ. ನಾವು ಟಿವಿ ನೋಡ್ತಿ ಅದಕ್ಕ ಅಂತ ಬೈದಿದ್ವಿ.

ಮನೋರೋಗ ವಾರ್ಡ್ ನರ್ಸ್ (ಬಳ್ಳಾರಿ)

ರಾತ್ರಿ ಡ್ಯೂಟಿ ಮುಗಿಸಿ ಓದ್ತಾ ಇದ್ದೀನಿ, ಉದ್ದ ಬರೀತೀನಿ ಕ್ಷಮಿಸಿ.

ಗಂಗಾವತಿ ತಂಗಿ ಹೇಳಿದ ಸ್ಟೀರಾಯ್ಡ್ ವಿಷಯದಲ್ಲಿ ಹಳೇ ಲೆಕ್ಕ ಒಂದೈತೆ, 1972ರಲ್ಲಿ ಬೋಸ್ಟನ್ ಕಡೆಯವ್ರು ಆಸ್ಪತ್ರೆ ಪೇಷಂಟ್‌ಗಳನ್ನ ನೋಡಿ ಮಾಡಿದ್ದು. ದಿನಕ್ಕೆ 40 ಮಿಲಿಗ್ರಾಂ ತನಕ ತಗೊಂಡೋರಲ್ಲಿ ನೂರಕ್ಕೆ 1.3 ಜನಕ್ಕೆ ಮನಸ್ಸಿನ ತೊಂದರೆ, 41ರಿಂದ 80ರ ತನಕ 4.6, 80 ದಾಟಿದ್ರೆ 18.4. ಅಂದ್ರೆ ನಿಮ್ಮಪ್ಪನ ಡೋಸಿಗೆ ಹೆಚ್ಚಿನೋರಿಗೆ ಇಷ್ಟು ಜೋರಾಗಿ ಆಗಲ್ಲ, ಆದ್ರೂ ಆಗೋರಿಗೆ ಆಗುತ್ತೆ. ಡೋಸ್ ಏರಿದಂಗೆ ಹೆಚ್ಚು. ಬೆಳಗ್ಗೆ ಊಟ ಆದ್ಮೇಲೆ ತಗೊಂಡ್ರೆ ನಿದ್ದೆ ಅಷ್ಟು ಕೆಡಲ್ಲ, ರಾತ್ರಿ ತಗೊಂಡ್ರೆ ಕೆಡುತ್ತೆ.

ಇನ್ನು ನಮ್ಮ ವಾರ್ಡಿನ ಗುಳಿಗೆಗಳ ಬಗ್ಗೆ ಯಾರೂ ಕೇಳಿಲ್ಲ, ನಾನೇ ಹೇಳ್ತೀನಿ. ಖಿನ್ನತೆ ಗುಳಿಗೆ ಶುರು ಮಾಡಿದ ಮೊದಲ ಒಂದೆರಡು ವಾರ ಕೆಲವರಿಗೆ ಕೂತಲ್ಲಿ ಕೂರೋಕಾಗಲ್ಲ, ತಳಮಳ ಹೆಚ್ಚುತ್ತೆ. ಮನಸ್ಸು ಹಗುರ ಆಗೋದಕ್ಕೆ ಮೂರು ನಾಲ್ಕು ವಾರ ಬೇಕು. ಈ ನಡುವಿನ ದಿನಾನೇ ಕಷ್ಟ. ಅದರಲ್ಲೂ 25 ವರ್ಷದ ಒಳಗಿನೋರಿಗೆ ಸಾಯೋ ಯೋಚನೆ ಹೆಚ್ಚಾಗಬಹುದು ಅಂತ ಔಷಧಿ ಮೇಲೇ ಎಚ್ಚರಿಕೆ ಐತೆ. ಮನೆಯೋರು ಆ ದಿನಗಳಲ್ಲಿ ಹುಡುಗ್ರನ್ನ ಒಂಟಿ ಬಿಡಬೇಡಿ, ತಳಮಳ ಕಂಡ್ರೆ ಮುಂದಿನ ತಾರೀಖಿನ ತನಕ ಕಾಯಬೇಡಿ, ಅವತ್ತೇ ಬನ್ನಿ. ನಿದ್ದೆ ಗುಳಿಗೆ ಆಲ್ಪ್ರಜೋಲಾಮ್ ತಿಂಗಳುಗಟ್ಟಲೆ ತಗೊಂಡು ಒಂದೇ ಸಲ ಬಿಟ್ಟೋರು ನಡುಗ್ತಾ, ಫಿಟ್ಸ್ ಬಂದು ನಮ್ಮಲ್ಲಿಗೆ ಬರ್ತಾರೆ. ಅದನ್ನೂ ಮೆಟ್ಟಿಲು ಮೆಟ್ಟಿಲಾಗಿ ಇಳೀಬೇಕು.

ಎಲ್ಲಾದಕ್ಕೂ ಗುಳಿಗೇನೇ ಕಾರಣ ಅಂತಾನೂ ಅಲ್ಲ. ಥೈರಾಯ್ಡ್ ಕಮ್ಮಿ ಆದ್ರೂ ಮಂಕು ಬರುತ್ತೆ, ಥೈರಾಯ್ಡ್ ಗುಳಿಗೆ ಡೋಸ್ ಹೆಚ್ಚಾದ್ರೆ ಎದೆ ಡವಡವ, ಗಾಬರಿ. ಕಾಯಿಲೆದಾ, ಗುಳಿಗೇದಾ, ಮನೆ ಕಷ್ಟದ್ದಾ ಅಂತ ಬಿಡಿಸಿ ನೋಡೋಕೆ ನಮಗೆ ಬೇಕಾಗಿರೋದೇ ತಾರೀಖು. ಆ ಹಾಲಿನ ಕ್ಯಾಲೆಂಡರ್ ಎಷ್ಟು ದೊಡ್ಡ ಕೆಲಸ ಮಾಡೈತೆ ಗೊತ್ತಾ ನಿಮಗೆ. ಎಷ್ಟೋ ಮನೆಯೋರು ಬಂದು "ಯಾವಾಗಿಂದಾನೋ" ಅಂತಾರೆ, ಅಲ್ಲಿಗೆ ನಮ್ಮ ಕೈ ಕಟ್ಟಿದಂಗೆ.

ನಮ್ಮ ಜಿಲ್ಲೆ ಬಗ್ಗೆ ಒಂದು ಮಾತು ಹೇಳಿದ್ರೆ ಖುಷಿ ನಂಗೆ. ಇವತ್ತು ದೇಶದ ಎಲ್ಲಾ ಕಡೆ ಇರೋ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಮೊದಲು ಮಾಡಿ ನೋಡಿದ್ದು ಬಳ್ಳಾರೀಲೇ, ನಿಮ್ಹಾನ್ಸ್‌ನವ್ರು 1985ರಿಂದ 1990ರ ತನಕ ಪಿಎಚ್‌ಸಿ ಡಾಕ್ಟ್ರಿಗೆ, ಹೆಲ್ತ್ ವರ್ಕರ್‌ಗಳಿಗೆ ಟ್ರೈನಿಂಗ್ ಕೊಟ್ಟು. ಅದನ್ನ ಬಳ್ಳಾರಿ ಮಾದರಿ ಅಂತಾನೇ ಕರೀತಾರೆ, ಅದರ ಮೇಲೇನೇ 1996ರಲ್ಲಿ ದೇಶದಲ್ಲಿ ಶುರುವಾಗಿದ್ದು. ಅಂಥ ಊರಲ್ಲಿ ಇನ್ನೂ ನಾವು ನಿಂಬೆಹಣ್ಣು ಇಳಿಸಿ ಆದ್ಮೇಲೆ ಆಸ್ಪತ್ರೆಗೆ ಬರ್ತೀವಿ ಅನ್ನೋದು ಹೊಟ್ಟೆ ಉರಿಸುತ್ತೆ.

ರಾತ್ರಿ ಹೊತ್ತು ಯಾರಿಗೆ ಕೇಳೋದು ಅನ್ನೋರು 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲಿ ಮಾತಾಡ್ತಾರೆ, ದುಡ್ಡಿಲ್ಲ. ಔಷಧಿಯಿಂದ ತೊಂದರೆ ಆಗಿದ್ದನ್ನ ಪೇಷಂಟ್ ಕಡೆಯವರೇ ಸರ್ಕಾರಕ್ಕೆ ತಿಳಿಸಬಹುದು, 1800-180-3024, ಕೆಲಸದ ದಿನ ಹಗಲು ಹೊತ್ತು. ಬಳ್ಳಾರಿ ಅಮ್ಮ, ನಿಮ್ಮ ಮಗಂದು ತಿಳಿಸಿ. ಮತ್ತೆ ಹೊಡೆದಿದ್ದಕ್ಕೆ ಕೊರಗಬೇಡಿ, ನಿಮಗೂ ಯಾರೂ ಹೇಳಿರ್ಲಿಲ್ಲ.

ಬಳ್ಳಾರಿ ಅಮ್ಮ

ಥ್ಯಾಂಕ್ಸ್ ಅಕ್ಕ. ನಾಳೆ ಫೋನ್ ಮಾಡ್ತೀನಿ. ಕೊನೇ ಸಾಲು ಓದಿ ಅಳು ಬಂತು.

ಸಿಂಧನೂರು ಅಣ್ಣ

ಗಂಗಾವತಿ ತಂಗೀ, ಟ್ರ್ಯಾಕ್ಟರ್ ಮುಂಗಡ ವಾಪಸ್ ಬಂತಾ? ಬದುವಿನ ಗೆಳ್ಯಾಂದು ಏನಾತು?

ಕಾಲುವಿ ದಂಡಿ (ಗಂಗಾವತಿ)

ಮುಂಗಡದಾಗ 35,000 ಕೊಟ್ರು ಅಣ್ಣಾ, ದವಾಖಾನಿ ಕಾಗದ ತೋರಿಸಿದ್ಮ್ಯಾಲೆ. ಉಳದದ್ದು ಹೋತು ಅಂತ ಬಿಟ್ವಿ.

ನೀವೆಲ್ಲಾ ಬರದಿದ್ದನ್ನ ನಿನ್ನೆ ರಾತ್ರಿ ಅಪ್ಪಗ ಓದಿ ಹೇಳಿದೆ. ಕಂಪ್ಲಿ ಹುಡುಗನ ತಮ್ಮಂದು ಬಂದಾಗ ಸಾಕು ನಿಲ್ಲಿಸು ಅಂದ, ಆಮ್ಯಾಲೆ ತಾನ ಮುಂದ ಓದು ಅಂದ. ಅಪ್ಪಗ ಆ ಆರು ವಾರದ್ದು ಎಲ್ಲಾ ನೆನಪೈತಿ, ಅದ ಕಷ್ಟ. ಮರತಿದ್ರ ಚೊಲೋ ಇತ್ತು ಅಂತಾನ. ತಾಟು ಒಗದದ್ದಕ್ಕ ಅವ್ವನ ಮುಂದ ಇನ್ನೂ ತಲಿ ಎತ್ತಿ ಉಣ್ಣಂಗಿಲ್ಲ.

ಇವತ್ತು ಮುಂಜಾನೆ ಚಾದ ಕೆಟಲಿ ಹಿಡ್ಕೊಂಡು ಬಾಜು ಹೊಲಕ್ಕ ಹೋದ. ನಾ ದೂರದಿಂದ ನೋಡಾಕತ್ತಿದ್ದೆ. ಅವರಿಬ್ಬರೂ ಆ ಬದುವಿನ ಮ್ಯಾಲೇನ ಕುಂತ್ರು, ಭಾಳ ಹೊತ್ತು ಏನೂ ಮಾತಾಡ್ಲಿಲ್ಲ. ಅಪ್ಪ ಮೊದಲಿಂದಾನೂ ಹಂಗ.